ಒಂದು ಸೈಜ್ ದೊಡ್ಡದು

ಸೆಪ್ಟೆಂಬರ್ 7, ರವಿವಾರ

ಗಣಪತಿ ನಿನ್ನೆ ನೀರಿಗೆ ಹೋದ. ಹಿಂದವಾಡಿಯ ಕಿಟಕಿ ಗಾಜುಗಳೆಲ್ಲ ಡಾಲ್ಬಿ ಸ್ಪೀಕರುಗಳ ಹೊಡೆತಕ್ಕೆ ಕುಣಿದು ಕುಣಿದು ಇವತ್ತು ಸುಸ್ತಾಗಿ ನಿಂತಿವೆ. ನನ್ನ ಹಲ್ಲಿನ ಸೆಟ್ಟೂ ಅಷ್ಟೇ.

ಈ ಡೈರಿಯನ್ನು ದನದ ಔಷಧ ಮಾರುವವನೊಬ್ಬ ಜನವರಿಯಲ್ಲಿ ಕೊಟ್ಟಿದ್ದ. ಪ್ರತಿ ಪುಟದ ತಳದಲ್ಲಿ ಜಂತುಹುಳದ ಜಾಹೀರಾತು. ಎಂಟು ತಿಂಗಳು ಖಾಲಿ ಬಿಟ್ಟಿದ್ದೆ. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ ಇಷ್ಟೇ: ನನ್ನ ಹೆಂಡತಿ ರೇಣವ್ವ ಹೋಗಿ ಮೂರು ವರ್ಷವಾಯಿತು, ಮಗ ಸಂಜಯನಿಗೆ ಫೌಂಡ್ರಿಯಲ್ಲಿ ಸೆಕೆಂಡ್ ಶಿಫ್ಟು, ಸೊಸೆ ತ್ರಿವೇಣಿ ನಾನು ಮಾತು ಶುರು ಮಾಡಿದೊಡನೆ ಕುಕ್ಕರ್ ಇಡುತ್ತಾಳೆ. ಕಾಗದಕ್ಕೆ ಸೀಟಿ ಇಲ್ಲ.

ತ್ರಿವೇಣಿ ರೇಣವ್ವನ ತಮ್ಮನ ಮಗಳೇ, ಅದಕ್ಕೇ ನನ್ನನ್ನು ಮಾಮಾ ಅನ್ನುತ್ತಾಳೆ. ನಾನು ಮೂವತ್ನಾಲ್ಕು ವರ್ಷ ಮಾಡಿ ನಿವೃತ್ತನಾದ ಕೆಲಸವನ್ನೇ ಅವಳೂ ಹಿಡಿದಿದ್ದಾಳೆ: ಪಶು ವೈದ್ಯಕೀಯ ಪರೀಕ್ಷಕಿ, ಖಾನಾಪುರ. ಇಲ್ಲಿಂದ ಇಪ್ಪತ್ತಾರು ಕಿಲೋಮೀಟರ್, ಅಲ್ಲಿಂದ ಮುಂದೆ ಹಳ್ಳಿ ಹಳ್ಳಿ, ಸ್ಕೂಟರಿನ ಹಿಂದೆ ಕೃತಕ ಗರ್ಭಧಾರಣೆಗೆ ಹೋರಿಯ ಬೀಜದ ಕ್ಯಾನು ಕಟ್ಟಿಕೊಂಡು. ಜುಲೈ ತಿಂಗಳ ಮಳೆಯಲ್ಲಿ ಲೋಂಡಾ ಕಡೆಯ ರೈಲ್ವೆ ಗೇಟಿನಲ್ಲಿ ಹಸಿ ಹಳಿಯ ಮೇಲೆ ಚಕ್ರ ಜಾರಿತು. ಕೊರಳ ಬುಡದ ಎಲುಬು ಮುರಿಯಿತು. ಮೊನ್ನೆ ಕೈಪಟ್ಟಿ ಬಿಚ್ಚಿದರು. ಎಲುಬು ಕೂಡಿದೆ.

ರಜೆ ಮುಗಿಯುವುದು ಅಕ್ಟೋಬರ್ 27ಕ್ಕೆ. ನೌಕರಿ ಇನ್ನೂ ಕಾಯಂ ಆಗಿಲ್ಲ. ಆ ದಿನ ಹಾಜರಾಗಿ, ಮೊದಲಿನಂತೆ ಗಾಡಿ ಮೇಲೆ ಹಳ್ಳಿ ತಿರುಗಬೇಕು. ಇಲ್ಲವಾದರೆ ನೌಕರಿ ಹೋಗುತ್ತದೆ.

“ಮಾಮಾ, ನಾ ಮತ್ತ ಗಾಡಿ ಹೊಡಿಯಾಕಿ,” ಅಂದಳು ಇವತ್ತು, ಬದನೆಕಾಯಿ ಹೆಚ್ಚುತ್ತ.

“ಹೊಡಿ. ಬ್ಯಾಡ ಅಂದವರ್ಯಾರವಾ? ಆದ್ರ ಮೊದ್ಲ ಮೈಮ್ಯಾಲಿನ ಸಾಮಾನು ಬರೋಬರಿ ಇರ್ಬೇಕು. ಅದನ್ನ ನಾ ನೋಡ್ಕೋತೇನಿ.”

ನಾನು ತಲೆಗೆ ಟವೆಲ್ ಸುತ್ತಿಕೊಂಡೇ ಇಡೀ ಖಾನಾಪುರ ತಾಲೂಕು ತಿರುಗಿದವನು. ಕೈಗೆ ಹಾಕಿದ ಗ್ಲೋವ್ ಒಂದೇ, ಭುಜದ ತನಕ ಬರುವ ಪ್ಲಾಸ್ಟಿಕ್ಕಿನದು. ಅದು ಎಲ್ಲಿಗೆ ಹೋಗಿ ಬರುತ್ತಿತ್ತು ಅನ್ನುವುದನ್ನು ಎಮ್ಮೆಗಳೇ ಹೇಳಲಿ. ಆದರೆ ಈಗ ಕಾಲ ಬೇರೆ. ಪ್ರಿವೆನ್ಶನ್ ಈಸ್ ದ ಮದರ್ ಆಫ್ ಕ್ಯೂರ್ ಎಂದು ಬಿ.ಎ. ಮೊದಲ ವರ್ಷದಲ್ಲಿ ಕಲಿತಿದ್ದೆ. ಎರಡನೇ ವರ್ಷದಲ್ಲಿ ಏನು ಕಲಿಸುತ್ತಾರೋ ಗೊತ್ತಿಲ್ಲ, ಮೊದಲನೆಯದರಲ್ಲೇ ಇಂಗ್ಲಿಷ್ ನಪಾಸಾಯಿತು.

ಸೆಪ್ಟೆಂಬರ್ 11, ಗುರುವಾರ

ಹೆಲ್ಮೆಟ್ ತಂದೆ. ಖಾನಾಪುರ ರೋಡಿನ ಬಾಜು ಹಗ್ಗಕ್ಕೆ ಸಾಲಾಗಿ ಕುಂಬಳಕಾಯಿಯಂತೆ ತೂಗುಹಾಕಿ ಮಾರುವವನ ಹತ್ತಿರ. ನೀಲಿ ಬಣ್ಣ, ಹಿಂದೆ ಹುಲಿಯ ಚಿತ್ರ. ಹುಲಿಗೆ ಮೀಸೆ ಒಂದೇ ಕಡೆ ಇದೆ.

ಸೈಜು ಒಂದು ದೊಡ್ಡದನ್ನೇ ಆರಿಸಿದೆ. ಇದು ನಮ್ಮ ಮನೆತನದ ಪದ್ಧತಿ. ಕುರಿ ಕಾಯ್ದ ಮಂದಿ ನಾವು. ಕಂಬಳಿ ದೊಡ್ಡದಿದ್ದರೆ ಮಳೆಯಲ್ಲಿ ಮರಿಯೂ ಒಳಗೆ ಹಿಡಿಸುತ್ತದೆ ಎಂದು ನನ್ನಪ್ಪ ಹೇಳುತ್ತಿದ್ದ. ಚಪ್ಪಲಿ, ಅಂಗಿ, ಚಡ್ಡಿ, ಎಲ್ಲ ಒಂದು ಸೈಜ್ ದೊಡ್ಡದು. ಸಂಜಯ ನಾಲ್ಕನೇತ್ತೆಯಲ್ಲಿ ಹಾಕಿದ ಸಾಲಿ ಚಡ್ಡಿ ಏಳನೇತ್ತೆಯಲ್ಲೂ ಜಾರುತ್ತಿತ್ತು. ನನ್ನ ಲಗ್ನದ ಕೋಟು ಮೊನ್ನೆ ಮೊನ್ನೆಯಷ್ಟೇ ನನಗೆ ಸರಿಹೋಗಿದೆ. ಹೆಲ್ಮೆಟ್ ದೊಡ್ಡದಿದ್ದರೆ ಹೆಣ್ಣುಮಕ್ಕಳ ತುರುಬೂ ಹಿಡಿಸುತ್ತದೆ, ಚಳಿಗೆ ಒಳಗೊಂದು ಕಾನಟೋಪಿಯೂ ಹಿಡಿಸುತ್ತದೆ. ವನ್ ಸೈಜ್ ಇನ್ ಟೈಮ್ ಸೇವ್ಸ್ ನೈನ್.

ತ್ರಿವೇಣಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಸಂಜಯ ಡ್ಯೂಟಿಗೆ ಹೊರಟವನು ಬಗ್ಗಿ ಒಳಗೆ ಇಣುಕಿದ.

“ಅಪ್ಪಾ, ಇದರಾಗ ಎರಡು ತಲಿ ಹಿಡೀತಾವ. ಇನ್ನೊಂದು ಯಾರದು?”

ಈ ಮಗನಿಗೆ ಹಾಲು ಕುಡಿಸಿದ್ದು ತಪ್ಪಾಯಿತು.

ಸೆಪ್ಟೆಂಬರ್ 14, ರವಿವಾರ

ತ್ರಿವೇಣಿ ಹುಲಿ ಹೆಲ್ಮೆಟನ್ನು ಸಂಜಯನ ಊಟದ ಚೀಲಕ್ಕೆ ಹಾಕಿಕೊಂಡು, “ನಡೀರಿ ಮಾಮಾ, ತೋರಿಸಿ ಬರೂಣು,” ಅಂದಳು. ಖಡೇಬಜಾರಿನ ನಾಸೀರನ ಅಂಗಡಿಗೆ ಹೋದೆವು. ನಾಸೀರ ಮೊದಲು ಗಾಡಿ ಸೀಟಿನ ಕವರ್ ಹೊಲಿಯುತ್ತಿದ್ದ; ನನ್ನ ಗಾಡಿಯದನ್ನು ಆರು ಸಲ ಹೊಲಿದಿದ್ದಾನೆ. ಈಗ ಅರ್ಧ ಅಂಗಡಿಯಲ್ಲಿ ಅವನ ಮಗಳು ಸೂಫಿಯಾ ಹೆಲ್ಮೆಟ್ಟು, ಜಾಕೀಟು, ಬೂಟು ಇಟ್ಟಿದ್ದಾಳೆ. ತಾನೇ ದೊಡ್ಡ ಗಾಡಿ ಹೊಡೆಯುತ್ತಾಳೆ. ಅಪ್ಪ ಮೂಲೆಯಲ್ಲಿ ಸೂಜಿ ಹಿಡಿದು ಕೂತು, ಮಗಳ ಮಾತಿಗೆ ಗೋಣು ಹಾಕುತ್ತಾನೆ.

ಸೂಫಿಯಾ ಹೆಲ್ಮೆಟನ್ನು ನನ್ನ ತಲೆಗೇ ತೊಡಿಸಿ ಗದ್ದದ ಪಟ್ಟಿ ಬಿಗಿದಳು. ಆಮೇಲೆ ಹಿಂದೆ ನಿಂತು, ಕುತ್ತಿಗೆಯ ಹತ್ತಿರ ಎರಡು ಬೆರಳಿಟ್ಟು ಮೇಲಕ್ಕೆ ನೂಕಿದಳು. ಹೆಲ್ಮೆಟ್ ನನ್ನ ಮೂಗು ತರಚಿಕೊಂಡು ಮುಂದೆ ಬಂದು ಕೈಗೇ ಬಿತ್ತು.

“ಬಕ್ಕಲ್ ಹಾಕಿದ್ದು ಹಂಗ ಐತಿ ನೋಡ್ರಿ ಚಾಚಾ. ಇದು ಹೆಲ್ಮೆಟ್ ಅಲ್ರೀ, ಬಿರಿಯಾನಿ ಹಂಡೆದ ಮುಚ್ಚಳ.”

“ಐ.ಎಸ್.ಐ. ಗುರುತು ಐತಲ್ಲವಾ!”

“ಗುರುತು ಸ್ಟಿಕರ್ ಐತಿ. ಉಗುರ್ಲೆ ಕೆರದ್ರ ಬರ್ತದ.” ಕೆರೆದಳು. ಬಂತು. ಅದರ ಕೆಳಗೆ ಮತ್ತೊಂದು ಹುಲಿ.

ದರ್ಜಿಯ ಟೇಪಿನಿಂದ ತ್ರಿವೇಣಿಯ ತಲೆ ಅಳೆದಳು, ಹುಬ್ಬಿನ ಮೇಲಿಂದ ಸುತ್ತ. ಒಂದು ಬಿಳಿ ಹೆಲ್ಮೆಟ್ ತೆಗೆದಳು. ತ್ರಿವೇಣಿ ತೊಟ್ಟು, “ಗಲ್ಲ ಒತ್ತತೈತಿ,” ಅಂದಳು, ಬಾಯಲ್ಲಿ ಅಡಿಕೆ ಇದ್ದವರ ಹಾಗೆ.

“ಒತ್ತಬೇಕಕ್ಕಾ. ಮಾತಾಡಿದ್ರ ಗಲ್ಲ ಹಲ್ಲಿಗೆ ಸಿಗಬೇಕು, ಅಂದ್ರ ಸೈಜ್ ಬರೋಬರಿ. ಒಳಗಿನ ಸ್ಪಂಜು ಆಮ್ಯಾಲ ಒತ್ತಿ ಕುಂದರತದ, ಈಗ ಸಡಲಿದ್ದದ್ದು ಆಮ್ಯಾಲ ಡೋಲಿನಂಗ ದೊಡ್ಡದ ಆಗ್ತದ. ತುರುಬು ಬಿಚ್ಚಿ ಕೆಳಗ ಜಡಿ ಹಾಕ್ಕೋರಿ.” ಆಮೇಲೆ ಕೇಳಿದಳು, “ಬಿದ್ದಾಗ ಯಾವ ಹೆಲ್ಮೆಟ್ ಇತ್ತು?”

ತ್ರಿವೇಣಿ ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದನ್ನೂ ನಾನು ನೋಡಿದೆ. “ಇತ್ತು ಒಂದು,” ಅಂದಳು.

ಚಹಾ ಬಂತು. ಖಡೇಬಜಾರಿನಲ್ಲಿ ಚಹಾ ಚೆನ್ನಾಗಿರುತ್ತದೆ. ಶುಂಠಿ ಹಾಕುತ್ತಾರೆ.

ಸೆಪ್ಟೆಂಬರ್ 15, ಸೋಮವಾರ

ಅದನ್ನೂ ತಂದವನು ನಾನು. ಅವಳಿಗೆ ನೌಕರಿಯ ಆರ್ಡರ್ ಬಂದ ದಿನ, ಕುಂದಾ ತರಲು ಹೋದಾಗ, ಜೊತೆಗೆ. ಒಂದು ಸೈಜ್ ದೊಡ್ಡದು. ಗೇಟಿನಲ್ಲಿ ಚಕ್ರ ಜಾರಿದಾಗ ಅವಳ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ತಲೆ ಬಿಟ್ಟು ಗಟಾರಕ್ಕೆ ಉರುಳಿತ್ತಂತೆ. ತಲೆ ಹುಲ್ಲಿನ ಮೇಲೆ ಬಿತ್ತು. ಪಕ್ಕದಲ್ಲೇ ಹಳಿ.

ಇವತ್ತು ಬೇರೆ ಏನೂ ಆಗಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಜಾಕೀಟು ನೋಡಲು ಹೋಗಿದ್ದೆವು. ನಾನು ಜಾಕೀಟು ಅಂದರೆ ಪುಢಾರಿಗಳ ಕೈಯಿಲ್ಲದ್ದು ಎಂದು ತಿಳಿದಿದ್ದೆ. ಇದು ಬೇರೆ. ಮೈಗೆಲ್ಲ ಗಾಳಿಯಾಡುವ ಜಾಳಿ ಬಟ್ಟೆ. ಭುಜ, ಮೊಣಕೈ, ಬೆನ್ನಿಗೆ ಒಳಚೀಲ, ಚೀಲದೊಳಗೆ ಗಟ್ಟಿ ಬಿಲ್ಲೆ. ಬಿಲ್ಲೆ ಕೈಯಲ್ಲಿ ಹಿಡಿದರೆ ಮೆತ್ತಗೆ, ಗುದ್ದಿದರೆ ಗಟ್ಟಿ. ನನ್ನ ಹಳೇ ಡಾಕ್ಟರ್ ಸಾಹೇಬರ ಸ್ವಭಾವವೂ ಹೀಗೇ ಇತ್ತು.

ಎಮ್ಮೆ ಕೊಳ್ಳುವಾಗ ಮಾಡುವಂತೆ ಬೆನ್ನ ಮೇಲೆ ನಾಲ್ಕು ಏಟು ಹಾಕಿದೆ, ಹೊಲಿಗೆ ಎಳೆದೆ, ಕಂಕುಳಲ್ಲಿ ಕೈ ಹಾಕಿದೆ. ಒಳಗೆ ಹಲ್ಲು ಎಣಿಸುವುದೊಂದು ಬಾಕಿ.

“ಸ್ವೆಟರ್ ಮ್ಯಾಲ ಹಿಡಿಯೂವಂಥಾದ್ದು ಕೊಡವಾ, ಸ್ವಲ್ಪ ದೊಡ್ಡದು...”

ಸೂಫಿಯಾ ಎರಡೂ ಕೈ ಜೋಡಿಸಿದಳು. “ಚಾಚಾ, ಅಲ್ಲಾನ ಆಣಿ. ದೊಡ್ಡದ್ ತಗೊಂಡ್ರ ಬಿದ್ದಾಗ ತೋಳು ತಿರಗತದ, ಮೊಣಕೈ ಬಿಲ್ಲಿ ಬಗಲಾಗ ಬಂದು ಕುಂದರತದ. ಬಗಲಾಗ ಯಾರ್ ಬೀಳ್ತಾರ? ಅಕ್ಕಾ, ಗಾಡಿ ಹಿಡಿದಂಗ ಕೈ ಮಡಚಿ ನೋಡ್ರಿ. ಬಿಲ್ಲಿ ಎಲುಬಿನ ಮ್ಯಾಲ ಐತಿಲ್ಲೋ?”

ಇತ್ತು. ತ್ರಿವೇಣಿ ಕನ್ನಡಿ ಮುಂದೆ ನಿಂತು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿದಳು. ಬಿದ್ದ ಮೇಲೆ ಅವಳು ಕನ್ನಡಿ ಮುಂದೆ ಹಾಗೆ ತಿರುಗಿದ್ದನ್ನು ನೋಡಿರಲಿಲ್ಲ. ಇದನ್ನೇ ಕೊಡ್ರಿ ಅಂದಳು.

ಬಣ್ಣ ಕರಿ. ನಾನು ಬೇಡ ಅಂದೆ. ಕರಿ ಜಾಕೀಟು ಹಾಕಿಕೊಂಡು ಲೋಂಡಾ ಕಾಡಿಗೆ ಹೋದರೆ ಕಾಡುಕೋಣ ಬೀಗರು ಬಂದರೆಂದು ಎದುರುಗೊಳ್ಳಲು ಬರುತ್ತದೆ. ದೂರಕ್ಕೆ ಕಾಣುವ ಬಣ್ಣ ಬೇಕು. ಸೂಫಿಯಾ, ಅದೊಂದು ಮಾತು ಖರೇ ಅಂದಳು. ಹಳದಿಯದು ಕೊಲ್ಹಾಪುರದಿಂದ ಬರಲು ಏಳೆಂಟು ದಿನ ಬೇಕಂತೆ.

ಬರಲಿ. ಅವಸರವೇನಿಲ್ಲ.

ಅಕ್ಟೋಬರ್ 1, ಬುಧವಾರ

ಖಂಡೇಪೂಜೆ. ಓಣಿಯ ಗಾಡಿಗಳೆಲ್ಲ ತೊಳೆದು ಮದುಮಕ್ಕಳಾಗಿವೆ. ನಮ್ಮ ಮನೆಯಲ್ಲಿ ನನ್ನ ಹಳೇ ಬೈಕು, ತ್ರಿವೇಣಿಯ ಸ್ಕೂಟರು, ಸಂಜಯನ ಸ್ಪ್ಯಾನರುಗಳು, ರೇಣವ್ವನ ಇಳಿಗೆಮಣೆ. ಈ ಸಲ ಬಿಳಿ ಹೆಲ್ಮೆಟ್ಟಿಗೂ ಹಳದಿ ಜಾಕೀಟಿಗೂ ಪೂಜೆ. ಕುಂಕುಮ ಹಚ್ಚುವಾಗ ಹೆಲ್ಮೆಟ್ಟಿನ ಗಾಳಿಕಿಂಡಿಯಲ್ಲಿ ತುಂಬಿಬಿಟ್ಟೆ. ಇನ್ನು ಬೆವತಾಗಲೆಲ್ಲ ಅವಳು ಸವದತ್ತಿ ಜಾತ್ರೆಯಿಂದ ಬಂದವಳಂತೆ ಕಾಣುತ್ತಾಳೆ.

ಆರತಿಯಾದ ಮೇಲೆ ತ್ರಿವೇಣಿ ಸ್ಕೂಟರ್ ಏರಿ ಕೂತು, ಚಕ್ರದ ಕೆಳಗೆ ಲಿಂಬೆಹಣ್ಣು ಇಡಿಸಿ ಚಾಲೂ ಮಾಡಿದಳು. ಜುಲೈ ನಂತರ ಮೊದಲ ಸಲ.

“ಮೈದಾನದಾಗ ಎರಡು ಸುತ್ತು ಹಾಕಿ ಬರ್ತೇನ್ರಿ ಮಾಮಾ.”

“ಗ್ಲೋವ್ಸ್ ಬಂದಿಲ್ಲಲಾ. ಮನಷ್ಯಾ ಬೀಳಾಗ ಮೊದ್ಲ ಊರೂದು ಅಂಗೈ. ಗ್ಲೋವ್ಸ್ ಇಲ್ಲದ ಬ್ಯಾಡ.”

“ಎರಡ ಸುತ್ತು.”

“ಬ್ಯಾಡಂದ್ನೆಲ್ಲ.”

ಬಂದ್ ಮಾಡಿ ಇಳಿದು ಒಳಗೆ ಹೋದಳು. ಸಂಜಯ ಲಿಂಬೆಹಣ್ಣು ಎತ್ತಿಕೊಂಡು, “ಪಾನಕಾ ಮಾಡ್ಲ್ಯಾ?” ಅಂದ. ಅಪ್ಪನ ಮೇಲೆ ಸಿಟ್ಟಿದ್ದಾಗ ಅವನು ಹೀಗೇ ಮಾತಾಡುತ್ತಾನೆ, ತಾಯಿಯ ಹಾಗೆ.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಲುಕ್ ಬಿಫೋರ್ ಯು ಲೀವ್.

ಅಕ್ಟೋಬರ್ 9, ಗುರುವಾರ

ಗ್ಲೋವ್ಸ್ ಬಂದವು. ಅಂಗೈಗೆ ಚರ್ಮ, ಗೆಣ್ಣಿಗೆ ಗಟ್ಟಿ ಹೊದಿಕೆ, ಮಣಿಕಟ್ಟಿಗೆ ಪಟ್ಟಿ. ದೋಷ ಹುಡುಕಿದೆ, ಸಿಗಲಿಲ್ಲ.

ನಿನ್ನೆ ಸ್ಕೂಟರಿನ ಚಕ್ರಕ್ಕೆ ಕೆಂಪು ಮಣ್ಣು ಮೆತ್ತಿತ್ತು. ಕೇಳಿದೆ. ತ್ರಿವೇಣಿ ಸೂಫಿಯಾಳ ಜೊತೆ ನಾಲ್ಕು ದಿನದಿಂದ ನಸುಕಿನಲ್ಲಿ ಲೇಲೇ ಮೈದಾನಕ್ಕೆ ಹೋಗಿ ಸುತ್ತು ಹಾಕುತ್ತಿದ್ದಾಳಂತೆ. ನಾನು ವಾಕಿಂಗ್ ಹೋದ ಹೊತ್ತು ನೋಡಿ! ನನಗೆ ಬಹಳ ಸಂತೋಷವಾಯಿತು. ಸಂತೋಷದಲ್ಲಿ ನಿನ್ನೆ ರಾತ್ರಿ ಊಟ ಸೇರಲಿಲ್ಲ.

ಆದರೆ ಬೂಟಿನ ವಿಷಯ ಉಳಿದಿದೆ. ಕಾಲಹರಡು ಮುಚ್ಚುವ ಬೂಟು ಬೇಕು. ಅವಳ ಅಳತೆಯದು ನಾಸೀರನಲ್ಲಿ ಇತ್ತು, ಆದರೆ ತಳ ನನಗೆ ಪಸಂದಾಗಲಿಲ್ಲ. ಮೊಣಕಾಲಿಗೆ ಗಾರ್ಡು, ಸೊಂಟಕ್ಕೆ ಪಟ್ಟಿ, ಮಳೆಗೆ ಮೇಲಂಗಿ. ಹೆಲ್ಮೆಟ್ಟಿನ ಗಾಜಿಗೆ ಮಂಜು ಹಿಡಿಯದ ಔಷಧ. ಸೂಫಿಯಾ ಅದಕ್ಕೆ ಪಾತ್ರೆ ತೊಳೆಯುವ ಸಾಬೂನು ತಿಕ್ಕಿ ಒರೆಸಿದರೆ ಸಾಕು ಅನ್ನುತ್ತಾಳೆ. ಸೊಸೆಯ ಜೀವಕ್ಕೆ ಪಾತ್ರೆ ಸಾಬೂನೇ? ಎಲ್ಲ ಪಟ್ಟಿ ಮಾಡಿ ಕ್ಯಾಲೆಂಡರಿನ ಮೊಳೆಗೆ ಚುಚ್ಚಿದೆ. ಹದಿನೇಳು ಸಾಮಾನು.

ಸಂಜಯ ಓದಿದ. “ಅಪ್ಪಾ, ಅಕಿ ಆಕಳಕ್ಕ ಸೂಜಿ ಮಾಡಾಕ ಹೊಂಟಾಳ, ಪಾಣಿಪತ್ತಕ್ಕಲ್ಲ.”

ಅಕ್ಟೋಬರ್ 13, ಸೋಮವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಯಾರಿಗೂ ಹೇಳಿಲ್ಲ.

ನನ್ನ ಹಳೇ ಜೊತೆಗಾರ ಬಾಳಾಸಾಹೇಬ ಈಗಲೂ ನೌಕರಿಯಲ್ಲಿದ್ದಾನೆ, ಜಿಲ್ಲಾ ಕಚೇರಿಯಲ್ಲಿ. ಫೋನ್ ಹಚ್ಚಿದೆ.

“ಕಾಯ್ ರೇ ಸಾತಪ್ಪಾ, ಇನ್ನೂ ಅದಿ?”

“ಅದೇನೋ, ನೀ ಹೋಗೂದನ್ನ ನೋಡಿ ಹೋಗೂಣಂತ. ಒಂದು ಕೆಲಸ ಐತಿ.”

ಸೊಸೆಗೆ ಖಾನಾಪುರ ದವಾಖಾನೆಯಲ್ಲೇ ಕೂತು ಮಾಡುವ ಕೆಲಸ ಸಿಗುತ್ತದೆಯೇ ಎಂದು ಕೇಳಿದೆ. ಔಷಧದ ರಜಿಸ್ಟರು, ಲಸಿಕೆಯ ಲೆಕ್ಕ, ಏನಾದರೂ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರಲಿ. ಬಾಳಾಸಾಹೇಬ, ಹುಡುಗಿಗೆ ಗಾಡಿ ಅಂದರೆ ಹೆದರಿಕೆ ಕೂತಿದೆಯೇನು ಅಂದ. ನಾನು, ಹಾಗೇ ತಿಳಿ ಅಂದೆ. ಹಾಗಾದರೆ ಅಲ್ಲಿಯ ಡಾಕ್ಟರ್ ಅನುರಾಧಾ ಬಾಯಿಗೆ ಹೇಳುತ್ತೇನೆ, ನೀನು ಚಿಂತೆ ಬಿಡು ಅಂದ.

ಬಿಟ್ಟೆ. ಮಧ್ಯಾಹ್ನ ಎರಡು ತಾಸು ಮಲಗಿದೆ. ಬಹಳ ದಿನದ ಮೇಲೆ ನಿದ್ದೆ ಬಂತು.

ಅಕ್ಟೋಬರ್ 15, ಬುಧವಾರ

ಅನುರಾಧಾ ಬಾಯಿ ತ್ರಿವೇಣಿಗೇ ಫೋನ್ ಮಾಡಿದರು.

ನಾನು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದೆ. ತ್ರಿವೇಣಿ ಬಂದು ಪೇಪರನ್ನು ನನ್ನ ಕೈಯಿಂದ ತೆಗೆದು ಮಡಚಿ ಟೀಪಾಯಿಯ ಮೇಲಿಟ್ಟಳು. ಹರಿದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಮಾಮಾ, ನನಗ ಅಂಜಿಕಿ ಐತಿ ಅಂತ ಯಾರಿಗೆ ಹೇಳಿದ್ರಿ?”

“ನಿನ್ನ ಛಲೋದಕ್ಕವಾ...”

“ಹಳ್ಳಿ ತಿರುಗಾಕ ಆಗೂದಿಲ್ಲಂತ ನನ್ನ ಕಾಗದದಾಗ ಒಂದು ಸಾಲು ಬಿದ್ರ ನೌಕರಿ ಪಕ್ಕಾ ಆಗೂದಿಲ್ಲ. ಮೂವತ್ನಾಕ ವರ್ಷ ಮಾಡಿದವರು ನೀವು, ಇಷ್ಟು ಗೊತ್ತಿಲ್ಲೇನು?”

ಗೊತ್ತಿತ್ತೋ ಇಲ್ಲವೋ. ಫೋನ್ ಮಾಡುವಾಗ ನೆನಪಿರಲಿಲ್ಲ.

“ಹೆಲ್ಮೆಟ್ ಬಂತು, ಜಾಕೀಟ್ ಇಲ್ಲಂದ್ರಿ. ಜಾಕೀಟ್ ಬಂತು, ಗ್ಲೋವ್ಸ್ ಅಂದ್ರಿ. ಗ್ಲೋವ್ಸ್ ಬಂದ್ವು, ಹದಿನೇಳು ಸಾಮಾನಿನ ಪಟ್ಟಿ ಹಚ್ಚಿದ್ರಿ. ನಾ ತಿಳಕೊಂಡಿದ್ದೆ ಮಾಮಾ ನನ್ನ ಗಾಡಿ ಮ್ಯಾಲ ಕುಂದರಸಾಕತ್ತಾರಂತ. ನೀವು ಒಂದೊಂದ ಸಾಮಾನು ತಂದು ನನ್ನ ಮನ್ಯಾಗ ಕಟ್ಟಾಕತ್ತಿದ್ರಿ. ದನಾ ಕಟ್ಟಿದಂಗ. ದನಕ್ಕರ ಒಂದ ಹಗ್ಗ ಇರ್ತೈತಿ, ನನಗ ಹದಿನೇಳು!”

ಸಂಜಯ ಬಾಗಿಲಲ್ಲಿ ನಿಂತಿದ್ದ. ಈ ಸಲ ಚೇಷ್ಟೆ ಮಾಡಲಿಲ್ಲ.

ಅಕ್ಟೋಬರ್ 16, ಗುರುವಾರ

ಕ್ಯಾಲೆಂಡರಿನ ಮೊಳೆಯಿಂದ ಪಟ್ಟಿ ತೆಗೆದೆ.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ನಾನೇ ಹೇಳಿದೆ: ಖಾನಾಪುರಕ್ಕೆ ಹೋಗಿ ಡಾಕ್ಟರ್ ಬಾಯಿಯ ಎದುರು ಮಾತು ಹಿಂದೆ ತೆಗೆದುಕೊಂಡು ಬರುತ್ತೇನೆ. ಎಂಟೂವರೆ ಬಸ್ಸಿಗೆ.

“ಬಸ್ಸ್ಯಾಕ?” ಅಂದಳು ತ್ರಿವೇಣಿ. ಜಾಕೀಟು ಹಾಕಿಕೊಂಡೇ ನಿಂತಿದ್ದಳು. “ಹತ್ತರಿ. ನಾ ಕರಕೊಂಡು ಹೋಗ್ತೇನಿ.”

ನಾನು ಹುಲಿ ಹೆಲ್ಮೆಟ್ ತಂದೆ. ಅದನ್ನು ಹಾಕಿಕೊಂಡು ನನ್ನ ಹಿಂದೆ ಕೂಡಬೇಡಿ ಅಂದಳು. ಖಡೇಬಜಾರಿಗೆ ಹೋಗಿ, ಆಗಷ್ಟೇ ಶಟರ್ ಎತ್ತುತ್ತಿದ್ದ ಸೂಫಿಯಾಳಿಂದ ನನ್ನ ತಲೆ ಅಳೆಸಿದಳು. ಮೀಡಿಯಂ. ಅರವತ್ಮೂರು ವರ್ಷ ನಾನು ದೊಡ್ಡ ತಲೆಯವನೆಂದೇ ತಿಳಿದಿದ್ದೆ. ನಾಸೀರ ಮೂಲೆಯಿಂದ, “ಒಳಗ ಗಾಳಿ ಇದ್ರ ಅಳತಿಗೆ ಬರಂಗಿಲ್ಲ ಸಾತಪ್ಪಣ್ಣಾ,” ಅಂದ.

ಹಿಂದಿನ ಸೀಟಿನಲ್ಲಿ ನಾನು ಇವತ್ತಿನ ತನಕ ಕೂತವನಲ್ಲ. ಹಿಡಿಯಲು ಏನೂ ಇಲ್ಲ, ಒತ್ತಲು ಬ್ರೇಕಿಲ್ಲ, ಮುಂದೆ ಏನು ಬರುತ್ತಿದೆ ಅನ್ನುವುದೂ ಕಾಣುವುದಿಲ್ಲ. ಒಂದು ಬಿಳಿ ಬುರುಡೆ ಮಾತ್ರ. ಪೀರನವಾಡಿ ದಾಟುವ ತನಕ ಬಲಗಾಲಿನಿಂದ ಗಾಳಿಯಲ್ಲಿ ಬ್ರೇಕ್ ಒತ್ತುತ್ತಲೇ ಇದ್ದೆ. ದೇಸೂರಿನ ಹತ್ತಿರ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ “ಬಾಜೂಕ! ಬಾಜೂಕ!” ಎಂದು ಒದರಿದೆ. ಅವಳಿಗೆ ಕೇಳಲಿಲ್ಲ, ನನ್ನ ಗಾಜಿನ ಒಳಗೇ ಆವಿಯಾಗಿ ಕೂತಿತು. ಆಮೇಲೆ ನನಗೂ ದಾರಿ ಕಾಣಲಿಲ್ಲ.

ರೇಣವ್ವ ಇದೇ ದಾರಿಯಲ್ಲಿ ಮೂವತ್ತು ವರ್ಷ ನನ್ನ ಹಿಂದೆ ಕೂತಿದ್ದಳು, ಒಂದೇ ಬಾಜು ಕಾಲು ಹಾಕಿ, ಬರಿ ತಲೆಗೆ ಸೆರಗು ಹೊದ್ದು, ತವರಿಗೆ ಹೋಗುವಾಗ ಮಡಿಲಲ್ಲಿ ಸಂಜಯ. ನೋಡಿದ್ದು ನನ್ನ ಟವೆಲ್ಲಿನ ಗಂಟು. ಒಂದು ದಿನವೂ ಒದರಲಿಲ್ಲ. ನಾನು ಅದನ್ನು ಧೈರ್ಯ ಅಂದುಕೊಂಡಿದ್ದೆ. ಕೇಳಿರಲಿಲ್ಲ.

ಅನುರಾಧಾ ಬಾಯಿ ಒಂದು ಹೋತಿನ ಕಿವಿ ನೋಡುತ್ತಿದ್ದರು. ಚಂದ್ರವ್ವ ಅನ್ನುವ ಮುದುಕಿ ಅದರ ಕೊಂಬು ಹಿಡಿದು ನಿಂತಿದ್ದಳು.

“ನಿಮ್ಮ ಸೊಸಿಗೆ ಗಾಡಿ ಅಂದ್ರ ಅಂಜಿಕಿ ಐತಿ ಅಂತ ಬಾಳಾಸಾಹೇಬರು ಹೇಳಿದ್ರು,” ಅಂದರು.

“ಅಂಜಿಕಿ ಐತ್ರಿ. ಆದ್ರ ಅದು ಅಕೀದಲ್ಲ.”

“ಮತ್ತ ಯಾರದು?”

ನಾನು ಗೋಡೆಯ ಮೇಲಿನ ಹುಚ್ಚುನಾಯಿ ಲಸಿಕೆಯ ಚಿತ್ರ ನೋಡಿದೆ. ಹೋತ ನನ್ನನ್ನು ನೋಡಿತು. ಚಂದ್ರವ್ವ ಬಾಯಿಗೆ ಸೆರಗು ಹಿಡಿದು, “ಗಂಡಸರ ಅಂಜಿಕಿ ಹೆಂಗಸರ ಹೆಸರಮ್ಯಾಲ ಜಮಾ ಆಗ್ತೈತ್ರಿ ಬಾಯಾರ,” ಅಂದಳು. ಡಾಕ್ಟರ್ ಬಾಯಿ ನಗಲಿಲ್ಲ, ಆದರೆ ಕಿವಿಯೊಳಗೆ ಬಹಳ ಹೊತ್ತು ಬಗ್ಗಿದರು. “ಇಪ್ಪತ್ತೇಳಕ್ಕ ಬಾ ತ್ರಿವೇಣಿ. ಕಾಗದದಾಗ ನಾ ಏನೂ ಬರದಿಲ್ಲ,” ಅಂದರು.

ಕೆಲಸ ಮುಗಿಯಿತೆಂದು ನಾನು ಬೆಳಗಾವಿ ಕಡೆ ಮುಖ ಮಾಡಿ ಕೂತೆ. ತ್ರಿವೇಣಿ ಗಾಡಿಯನ್ನು ಲೋಂಡಾ ಕಡೆ ತಿರುಗಿಸಿದಳು.

ಗೇಟಿಗೆ ಬಂದಾಗ ಹನ್ನೊಂದು. ಮಳೆ ಇಲ್ಲ, ಆದರೆ ಮರದ ನೆರಳಲ್ಲಿ ಹಳಿ ತಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ರಸ್ತೆ ಹಳಿಯನ್ನು ಓರೆಯಾಗಿ ದಾಟುತ್ತದೆ. ಚಕ್ರವೂ ಓರೆಯಾಗಿಯೇ ಏರಿದರೆ ಜಾರದೆ ಬಿಡುವುದಿಲ್ಲ. ಅವಳು ನಿಲ್ಲಿಸಿದಳು. ಇಳೀರಿ ಅಂದಳು. ಇಳಿದೆ. ನಾನು ಬೇಡವೆಂದದ್ದನ್ನೇ ಕೊಂಡು ಹಾಕಿದ್ದೀ, ಇದು ಕೆಟ್ಟ ಬೂಟು, ನಾಳೆ ಬರೋಣ, ಎಂದು ನನ್ನ ಬಾಯಿಗೆ ಬಂತು. ನನ್ನ ಹೆಲ್ಮೆಟ್ಟೂ ಗಲ್ಲ ಒತ್ತುತ್ತಿದ್ದುದರಿಂದ ಮಾತು ಸ್ಪಷ್ಟ ಹೊರಡಲಿಲ್ಲ.

ಒಬ್ಬಳೇ ಹೋದಳು. ಹಳಿಯ ಮೊದಲು ಬಲಕ್ಕೆ ತೆಗೆದುಕೊಂಡು, ಚಕ್ರ ನೆಟ್ಟಗೆ ಮಾಡಿ, ಬ್ರೇಕ್ ಮುಟ್ಟದೆ ನಿಧಾನ ದಾಟಿದಳು. ಆ ಕಡೆ ತಿರುಗಿಸಿ ಮತ್ತೆ ಈ ಕಡೆ. ಮತ್ತೆ ಆ ಕಡೆ. ನಾನು ಕಿಲೋಮೀಟರ್ ಕಲ್ಲಿನ ಮೇಲೆ ಕೂತು ಎಣಿಸಿದೆ. ಒಂಬತ್ತು ಸಲ. ಗೇಟಿನವನು ತನ್ನ ಕೋಣೆಯಿಂದ ಹೊರಗೆ ಬಂದ.

“ಏನ್ರೀ ಅಜ್ಜಾ, ನಿಮ್ಮ ಮಗಳು ಏನರ ಕಳಕೊಂಡಾಳೇನು ಇಲ್ಲಿ?”

“ಹೌದಪಾ. ಜುಲೈದಾಗ.”

“ಸಿಕ್ತೇನು?”

“ಸಿಕ್ಕಂಗ ಕಾಣ್ತೈತಿ.”

ವಾಪಸು ಬರುವಾಗ ಎಲ್ಲೂ ಒದರಲಿಲ್ಲ. ಗಣೇಬೈಲದ ಹತ್ತಿರ ತೂಕಡಿಕೆ ಬಂದಿತ್ತೆಂದು ತೋರುತ್ತದೆ. ತ್ರಿವೇಣಿ ಮೊಣಕೈಯಿಂದ ತಿವಿದಳು. ಮೊಣಕೈ ಬಿಲ್ಲೆ ಬಹಳ ಗಟ್ಟಿ ಇದೆ. ಒಳ್ಳೆಯ ಮಾಲು.

ಅಕ್ಟೋಬರ್ 27, ಸೋಮವಾರ

ಏಳು ಗಂಟೆಗೆ ಹೊರಟಳು. ಜಡೆ, ಬಿಳಿ ಹೆಲ್ಮೆಟ್ಟು, ಹಳದಿ ಜಾಕೀಟು, ಗ್ಲೋವ್ಸು, ನನಗೆ ಪಸಂದಿಲ್ಲದ ಬೂಟು. “ಬರ್ತೇನ್ರಿ ಮಾಮಾ.” “ಹೂಂ, ಹೋಗಿ ಬಾ.” ಅಷ್ಟೇ ಮಾತು.

ನಾನು ಹಾಲು ತರಲೆಂದು ಬೈಕು ತೆಗೆದೆ. ಹಾಲಿನ ಅಂಗಡಿ ಓಣಿಯ ತುದಿಗಿದೆ. ಖಾನಾಪುರ ರೋಡಿನ ಮೂರನೇ ರೈಲ್ವೆ ಗೇಟಿನ ತನಕ ಹೇಗೆ ಹೋದೆನೋ ಗೊತ್ತಿಲ್ಲ. ಹಳದಿ ಜಾಕೀಟು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ನನ್ನ ಆಯ್ಕೆ ಸರಿಯೇ. ಅಷ್ಟರಲ್ಲಿ ಪೋಲೀಸಿನವನು ಕೈ ಅಡ್ಡ ಹಾಕಿದ.

“ಅಜ್ಜಾರ, ಹೆಲ್ಮೆಟ್?”

ತಲೆ ಮುಟ್ಟಿ ನೋಡಿಕೊಂಡೆ. “ಮನ್ಯಾಗ ಐತ್ರಿ.”

“ತಲಿನೂ ಅಲ್ಲೇ ಇಟ್ಟು ಬರಬೇಕಿಲ್ಲ?”

ಸೊಸೆಯನ್ನು ಕಾಯಲು ಹೊರಟಿದ್ದೇನೆ, ಅವಳಿಗೆ ಗಾಡಿಯ ಮೇಲೆ ಬಿದ್ದು ಪೆಟ್ಟಾಗಿತ್ತು, ಹೆಲ್ಮೆಟ್ ಎಷ್ಟು ಮುಖ್ಯ ಅನ್ನುವುದನ್ನು ಈ ಬೆಳಗಾವಿಯಲ್ಲಿ ನನಗಿಂತ ಬಲ್ಲವರಿಲ್ಲ, ಐ.ಎಸ್.ಐ. ಸ್ಟಿಕರ್ ಕೆರೆದು ನೋಡಬೇಕು, ಎಂದೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿ, ಫೋಟೋ ಹೊಡೆದು, ದಂಡದ ಚೀಟಿ ಕೊಟ್ಟ. ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ಹಳದಿ ಎಲ್ಲೂ ಇಲ್ಲ.

ಬೈಕು ನೂಕಿಕೊಂಡು ಮನೆಗೆ ಬಂದೆ. ಹಾಲು ಮರೆತಿದ್ದೆ. ಒಂಬತ್ತಕ್ಕೆ ಫೋನು: “ಮುಟ್ಟೇನ್ರಿ. ಸಹಿ ಮಾಡೀನಿ. ನೀವು ಚಹಾ ಕುಡದ್ರಿ?” ಕುಡಿದೆ ಅಂದೆ.

ಸಂಜೆ ಆರಕ್ಕೆ ಬಂದಳು. ಎರಡು ಆಕಳು, ಒಂದು ಎಮ್ಮೆ. ಎಮ್ಮೆ ಒದ್ದಿತಂತೆ. ಮೊಣಕಾಲ ಗಾರ್ಡು ತರಿಸೋಣ ಅಂತ ಹೇಳಿದ್ದೆ, ಯಾರು ಕೇಳುತ್ತಾರೆ?

ನವೆಂಬರ್ 6, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಬೆಳಿಗ್ಗೆ ಕಣ್ಣು ತೆರೆದಾಗ ಎಂಟೂವರೆ. ಸಂಜಯ ಇನ್ನೂ ಗೊರಕೆ ಹೊಡೆಯುತ್ತಿದ್ದ. ಗೂಟದ ಮೇಲೆ ಜಾಕೀಟಿಲ್ಲ, ಅಂಗಳದಲ್ಲಿ ಸ್ಕೂಟರಿಲ್ಲ. ತ್ರಿವೇಣಿ ಎಷ್ಟು ಹೊತ್ತಿಗೆ ಹೋದಳೋ ನನಗೆ ಗೊತ್ತೇ ಆಗಲಿಲ್ಲ.

ಮಾಮಾ ಮಲಗಿದ್ದಾರೆಂದು ಚಹಾ ಕೂಡ ಮಾಡಿಟ್ಟಿರಲಿಲ್ಲ. ಈಗಿನವರಿಗೆ ಹಿರಿಯರ ಕಡೆ ಲಕ್ಷ್ಯವೇ ಇಲ್ಲ.